ಗಡಿ ದಾಟಲೆಂದೇ ಹುಟ್ಟಿದ ಸೈಕಲ್ ಓಟ

ಓಣಂ ರಜೆಯಲ್ಲಿ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಮೂವರು ಹುಡುಗರು ಒಂದು ಸಾಹಸ ಮಾಡಿದರು. ಶನಿವಾರ ಬೆಳಿಗ್ಗೆ ಶಾಲೆಯ ಗೇಟಿನಿಂದ ಒಳರಸ್ತೆಯಲ್ಲೇ ತಲಪಾಡಿಯ ಗಡಿಯವರೆಗೆ ಸೈಕಲ್ ಓಟ. ಭಾನುವಾರ ತಲಪಾಡಿಯಿಂದ ವಾಪಸು ಶಾಲೆಗೆ ಇನ್ನೊಂದು ಓಟ. ರಜೆ ಮುಗಿದು ಶಾಲೆ ತೆರೆದ ದಿನ ಮೂವರೂ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಜಗಳ ಬಗೆಹರಿದಿರಲಿಲ್ಲ.

"ಮೊದಲ ದಿನ ಗೆದ್ದದ್ದು ನಾನು ಮಾಸ್ಟ್ರೇ."

"ಎರಡನೇ ದಿನ ನಾನು. ಕೊನೆಗೆ ಗೆದ್ದವನೇ ಗೆದ್ದವನಲ್ವಾ ಮಾಸ್ಟ್ರೇ?"

ಮೂರನೆಯವನು ಮಾತಾಡಲಿಲ್ಲ. ಎರಡೂ ದಿನ ಅವನು ಎರಡನೆಯವನಾಗಿ ಬಂದವನು. ಆದರೆ ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಎಲ್ಲರ ಸಮಯ ಬರೆದಿಟ್ಟುಕೊಂಡಿದ್ದ. ಮೊದಲ ದಿನ ಗೆದ್ದವನಿಗೆ 52 ನಿಮಿಷ, ಇವನಿಗೆ 53, ಇನ್ನೊಬ್ಬನಿಗೆ 58. ಎರಡನೇ ದಿನ ಗೆದ್ದವನಿಗೆ 49, ಇವನಿಗೆ 50, ಮೊದಲ ದಿನದ ವೀರನಿಗೆ 55. ಕರಿಹಲಗೆಯ ಮೇಲೆ ಬರೆದು ಕೂಡಿಸಿದೆವು. ಇಬ್ಬರು ವಿಜಯಿಗಳಿಗೂ 107 ನಿಮಿಷ. ಒಂದು ದಿನವೂ ಗೆಲ್ಲದವನಿಗೆ 103! ಬಹುದಿನಗಳ ಸೈಕಲ್ ಓಟದ ಲೆಕ್ಕ ಇದೇ. ಪ್ರತಿದಿನದ ಓಟವನ್ನು ಒಂದು ಹಂತ ಎನ್ನುತ್ತಾರೆ. ಹಂತ ಗೆದ್ದವನಿಗೆ ಆ ದಿನದ ಗೌರವ. ಎಲ್ಲ ಹಂತಗಳ ಸಮಯ ಕೂಡಿಸಿದಾಗ ಯಾರದು ಕಡಿಮೆಯೋ ಅವನು ಇಡೀ ಓಟದ ವಿಜಯಿ. ದಿನದ ಕೊನೆಗೆ ಮೊತ್ತದಲ್ಲಿ ಮುಂದಿರುವವನು ಮರುದಿನ ಹಳದಿ ಜೆರ್ಸಿ ತೊಟ್ಟು ಓಡಿಸುತ್ತಾನೆ. ಎಲ್ಲರಿಗೂ ಅವನು ಕಾಣಲಿ, ಎಲ್ಲರೂ ಅವನನ್ನು ಬೆನ್ನಟ್ಟಲಿ ಎಂದು.

ಇನ್ನೊಂದು ಸಂಗತಿಯನ್ನೂ ಹೇಳಿದೆ. ಮುಂದಿನವನ ಚಕ್ರಕ್ಕೆ ಅಂಟಿಕೊಂಡಂತೆ ಹಿಂದೆಯೇ ಹೋದರೆ ಗಾಳಿಯ ತಡೆ ಅವನಿಗೆ, ಹಿಂದಿನವನಿಗೆ ಶ್ರಮ ಎಷ್ಟೋ ಕಡಿಮೆ. ಹಾಗಾಗಿ ರಸ್ತೆ ಓಟ ಬರೀ ಕಾಲಿನ ಬಲದ್ದಲ್ಲ. ಯಾರು ಮುಂದೆ ನಿಂತು ಗಾಳಿ ಸೀಳಬೇಕು, ಯಾರು ಹಿಂದೆ ಅಡಗಿರಬೇಕು, ಯಾವಾಗ ಗುಂಪು ಬಿಟ್ಟು ಹಾರಬೇಕು ಎಂಬ ಬುದ್ಧಿಯದೂ ಹೌದು. "ಹಾಗಾದರೆ ಇವನು ಎರಡು ದಿನವೂ ನಮ್ಮ ಹಿಂದೆಯೇ ಅಡಗಿದ್ದ ಮಾಸ್ಟ್ರೇ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಜಗಳ ಮುಗಿಯಿತು ಎನ್ನುವಂತಿಲ್ಲ, ಬೇರೆ ರೂಪ ತಾಳಿತು.

ಅವತ್ತು ಉಳಿದ ಹತ್ತು ನಿಮಿಷದಲ್ಲಿ ನಾನು ಅವರಿಗೆ ಹೇಳಿದ ಕತೆಯನ್ನೇ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ. ಅದೂ ಎರಡೇ ದಿನದ ಓಟವಾಗಿ ಶುರುವಾದದ್ದು. ಅದರಲ್ಲೂ ಒಂದು ಗಡಿ ಇದೆ. ಊರು ಮಾತ್ರ ದೂರದ್ದು, ಐರ್ಲೆಂಡ್.

ಐರ್ಲೆಂಡ್ ಒಂದೇ ದ್ವೀಪ. ಅದರಲ್ಲಿ 32 ಕೌಂಟಿಗಳು. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಎಂದುಕೊಳ್ಳಿ. 1921ರಲ್ಲಿ ದ್ವೀಪ ಎರಡು ಭಾಗವಾಯಿತು. ಉತ್ತರದ ಆರು ಕೌಂಟಿಗಳು ಬ್ರಿಟನ್ನಿನ ಜೊತೆ ಉಳಿದವು, ಉಳಿದ 26 ಕೌಂಟಿಗಳು ಸ್ವತಂತ್ರ ದೇಶವಾಗುವ ದಾರಿ ಹಿಡಿದವು. ಗದ್ದೆಗಳ ನಡುವೆ, ಹೊಳೆಗಳ ಮೇಲೆ ಒಂದು ಗೆರೆ ಬಿತ್ತು.

ದೇಶ ಎರಡಾದರೂ ಓಟಗಾರರ ಮತ್ತು ಸೈಕಲ್ ಸವಾರರ ಸಂಘ ಒಂದೇ ಆಗಿತ್ತು. 1922ರಲ್ಲಿ ಹುಟ್ಟಿದ ಆ ಸಂಘ ಇಡೀ 32 ಕೌಂಟಿಗಳೂ ತನ್ನವೇ ಎಂದಿತು. ಆದರೆ ಜಗತ್ತಿನ ಕ್ರೀಡಾ ಒಕ್ಕೂಟಗಳು ಒಪ್ಪಲಿಲ್ಲ. ಒಂದು ದೇಶದ ಸಂಘದ ಅಧಿಕಾರ ಆ ದೇಶದ ರಾಜಕೀಯ ಗಡಿಯೊಳಗೆ ಮಾತ್ರ, ಗೆರೆಯಾಚೆಯ ಆರು ಕೌಂಟಿಗಳನ್ನು ಬಿಟ್ಟುಕೊಡಿ ಎಂದವು. ಮೊದಲು ಓಟಗಾರರಿಗೆ ಈ ಪೆಟ್ಟು ಬಿತ್ತು, 1940ರ ದಶಕದ ಕೊನೆಗೆ ಸೈಕಲ್ ಸವಾರರಿಗೂ ಬಿತ್ತು. ಕೆಲವರು ಒಪ್ಪಿಕೊಂಡು 26 ಕೌಂಟಿಗಳಿಗೆ ಸೀಮಿತವಾದ ಹೊಸ ಸಂಘ ಕಟ್ಟಿದರು. ಉತ್ತರದಲ್ಲಿ ಇನ್ನೊಂದು ಸಂಘವಿತ್ತು. ಎನ್‌ಸಿಎ ಎಂದು ಕರೆಸಿಕೊಂಡ ಹಳೆಯ ಸಂಘದವರು ಮಾತ್ರ ಬಗ್ಗಲಿಲ್ಲ. ಪರಿಣಾಮ ಏನು? ಎನ್‌ಸಿಎ ಸವಾರನಿಗೆ ಒಲಿಂಪಿಕ್ಸ್ ಇಲ್ಲ, ವಿಶ್ವ ಚಾಂಪಿಯನ್‌ಷಿಪ್ ಇಲ್ಲ. ತನ್ನದೇ ಊರಿನ ಇನ್ನೊಂದು ಸಂಘದ ಗೆಳೆಯನೊಡನೆ ಒಂದೇ ಓಟದಲ್ಲಿ ಸ್ಪರ್ಧಿಸುವಂತೆಯೂ ಇಲ್ಲ.

ಹೊರಗಿನ ಬಾಗಿಲುಗಳೆಲ್ಲ ಮುಚ್ಚಿದಾಗ ಮನೆಯೊಳಗೇ ದೊಡ್ಡದೊಂದು ಹಬ್ಬ ಮಾಡಬೇಕಾಗುತ್ತದೆ. ಅದನ್ನು ಮಾಡಿದವರಲ್ಲಿ ಮುಖ್ಯರು ಡಬ್ಲಿನ್ನಿನ ಜೋ ಕ್ರಿಸ್ಲ್. 1953ರಲ್ಲಿ ಡಬ್ಲಿನ್ನಿನಿಂದ ವೆಕ್ಸ್‌ಫರ್ಡಿಗೆ ಒಂದು ದಿನ, ಅಲ್ಲಿಂದ ವಾಪಸು ಇನ್ನೊಂದು ದಿನ, ಹೀಗೆ ಎರಡು ಹಂತದ ಓಟ ನಡೆಯಿತು. ನಮ್ಮ ಹುಡುಗರು ಮಾಡಿದ್ದೂ ಇದನ್ನೇ ನೋಡಿ. ಗೆದ್ದದ್ದು ಜೋ ಅವರ ತಮ್ಮ ಕಾಲಮ್ ಕ್ರಿಸ್ಲ್. ಮರುವರ್ಷವೇ ಅದು ದೇಶ ಸುತ್ತುವ ಎಂಟು ದಿನಗಳ ಓಟವಾಗಿ ಬೆಳೆಯಿತು.

ಹೆಸರು ರಾಸ್ ಟಾಲ್ಟನ್. ರಾಸ್ ಎಂದರೆ ಐರಿಷ್ ಭಾಷೆಯಲ್ಲಿ ಓಟ, ಪಂದ್ಯ. ಟಾಲ್ಟನ್ ಎಂಬುದು ಮೀತ್ ಕೌಂಟಿಯ ಒಂದು ಪುರಾತನ ಸ್ಥಳದ ಹೆಸರು, ಹಿಂದೆ ಅಲ್ಲಿ ಜಾತ್ರೆಯೂ ಆಟದ ಪಂದ್ಯಗಳೂ ನಡೆಯುತ್ತಿದ್ದವಂತೆ. ಹೊಸ ದೇಶವಾದ ಮೇಲೆ 1924, 1928, 1932ರಲ್ಲಿ ಆ ಹೆಸರಿನ ಕ್ರೀಡಾಕೂಟವನ್ನು ಮತ್ತೆ ನಡೆಸಿದ್ದರು. ದಿನನಿತ್ಯದ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ ನಡೆಯುವ ದೇಶದಲ್ಲಿ ಓಟಕ್ಕೆ ಐರಿಷ್ ಹೆಸರಿಟ್ಟರು, ಜನ ಇಂದಿಗೂ ಅದನ್ನು ರಾಸ್ ಎಂದೇ ಕರೆಯುತ್ತಾರೆ. ಶಾಲೆಯ ಬೋರ್ಡಿನಲ್ಲಿ ಕನ್ನಡ ಅಕ್ಷರ ಎಷ್ಟು ದೊಡ್ಡದಿರಬೇಕು ಎಂದು ವರ್ಷಕ್ಕೊಮ್ಮೆಯಾದರೂ ಚರ್ಚಿಸುವ ನಮಗೆ ಇದರ ಬೆಲೆ ಗೊತ್ತು.

ಸವಾರರು ಯಾರು? ಹೊಲದಲ್ಲಿ ದುಡಿಯುವವರು, ಕುಶಲಕರ್ಮಿಗಳು, ಸಣ್ಣಪುಟ್ಟ ನೌಕರರು. ಎಲ್ಲರೂ ಹವ್ಯಾಸಿಗಳು, ಸಂಬಳ ಪಡೆದು ಸೈಕಲ್ ತುಳಿದವರಲ್ಲ. ವರ್ಷದ ರಜೆಯನ್ನು ಉಳಿಸಿ ಈ ಎಂಟು ದಿನಕ್ಕೆ ಇಟ್ಟುಕೊಂಡವರು. ತಂಡಗಳು ಕೌಂಟಿಯ ಹೆಸರಿನಲ್ಲಿ ಬರುತ್ತಿದ್ದವು, ಕೆರ್ರಿ, ಮೀತ್, ಡಬ್ಲಿನ್, ಕಿಲ್ಡೇರ್ ಹೀಗೆ. ಅದೇ ಅದರ ಗುಟ್ಟು. ಸೈಕಲ್ ಓಟದ ಗಂಧಗಾಳಿ ಇಲ್ಲದ ಅಜ್ಜಿಯೂ ತನ್ನ ಕೌಂಟಿಯ ಬಣ್ಣ ಕಂಡರೆ ಬಾಗಿಲಿಗೆ ಬರುತ್ತಾಳೆ. ಓಟ ಸಣ್ಣ ಪೇಟೆಗಳಲ್ಲಿ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಇಡೀ ಊರು ರಸ್ತೆಗೆ ಬರಲು ಅಷ್ಟು ಸಾಕಲ್ಲವೇ? 1950ರ ದಶಕದ ಐರ್ಲೆಂಡ್ ಬಡ ದೇಶ. ಆ ಹತ್ತು ವರ್ಷದಲ್ಲಿ ಸುಮಾರು 4 ಲಕ್ಷ ಜನ ಕೆಲಸ ಹುಡುಕಿ ದೇಶ ಬಿಟ್ಟರು. ಉಳಿದವರ ಬೀದಿಯಲ್ಲಿ ವರ್ಷಕ್ಕೊಮ್ಮೆ ಅವರದೇ ಮನೆಯ ಹುಡುಗರು ಬಣ್ಣದ ಜೆರ್ಸಿ ತೊಟ್ಟು ಗಾಳಿಯಂತೆ ಹಾದುಹೋಗುತ್ತಿದ್ದರು.

ಇನ್ನು ಮಿಕ್ ಮರ್ಫಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದ್ದು ಇದನ್ನೇ.

ಮರ್ಫಿ ಕೆರ್ರಿಯ ಕಹರ್‌ಸವೀನ್ ಕಡೆಯವನು. ಬಡ ರೈತರ ಮಗ. ಸರ್ಕಸ್ಸಿನ ಕಸರತ್ತು ಕಲಿತಿದ್ದ, ಬೆಂಕಿ ನುಂಗುವುದೂ ಬರುತ್ತಿತ್ತು. ವ್ಯಾಯಾಮಶಾಲೆ ಎಲ್ಲಿಂದ ಬರಬೇಕು? ಕಲ್ಲುಗಳನ್ನೇ ಎತ್ತಿ ಮೈ ಕಟ್ಟಿದ. ಹಸಿ ಮಾಂಸ, ಹಸಿ ಮೊಟ್ಟೆ ತಿನ್ನುತ್ತಿದ್ದ, ಹಸುವಿನ ರಕ್ತನಾಳಕ್ಕೆ ಚೂರಿ ತಾಗಿಸಿ ರಕ್ತ ಕುಡಿಯುತ್ತಿದ್ದ ಎಂಬ ಮಾತೂ ಅವನ ಹೆಸರಿನ ಜೊತೆ ಅಂಟಿಕೊಂಡಿದೆ. (ಇದನ್ನು ತರಗತಿಯಲ್ಲಿ ಹೇಳಬಾರದಿತ್ತೇನೋ. ಮಧ್ಯಾಹ್ನ ಊಟದ ಹೊತ್ತಿಗೆ ಇಡೀ ಶಾಲೆಗೆ ಗೊತ್ತಾಗಿತ್ತು.)

1958ರ ರಾಸ್. ಒಂದು ಹಂತದ ನಡುವೆ ಮರ್ಫಿಯ ಸೈಕಲ್ಲಿನ ಫ್ರೀವೀಲ್ ಕೆಟ್ಟುಹೋಯಿತು. ಫ್ರೀವೀಲ್ ಹೋದರೆ ಪೆಡಲ್ ತುಳಿದೂ ಪ್ರಯೋಜನವಿಲ್ಲ ಎಂದು ಸೈಕಲ್ ಓಡಿಸುವ ಎಲ್ಲರಿಗೂ ಗೊತ್ತು. ಮುಂದಿನವರು ಕಣ್ಮರೆಯಾಗುತ್ತಿದ್ದಾರೆ. ಅಲ್ಲೇ ಕಂಡ ಒಬ್ಬ ರೈತನ ಸೈಕಲ್ಲನ್ನು ಎತ್ತಿಕೊಂಡು ಹತ್ತಿಯೇ ಬಿಟ್ಟ. ಪೇಟೆಗೆ ಹೋಗಿಬರುವ ಭಾರದ ಸೈಕಲ್ ಅದು, ನಮ್ಮಲ್ಲಿ ಹಾಲಿನ ಕ್ಯಾನು ಕಟ್ಟುತ್ತಿದ್ದ ಸೈಕಲ್ಲಿನ ಜಾತಿಯದ್ದು. ಅದನ್ನೇ ತುಳಿಯುತ್ತ ಬೆನ್ನಟ್ಟಿದ. ಆಮೇಲೆ ಸರಿಯಾದ ಸೈಕಲ್ ಸಿಕ್ಕಿತು, ಮುಂದಿನವರನ್ನು ಹಿಡಿದೂ ಬಿಟ್ಟ. ಮುಂದೊಂದು ದಿನ ಬಿದ್ದು ಹೆಗಲ ಮೂಳೆ ಮುರಿಯಿತು. ಇಳಿಯಲಿಲ್ಲ. ನೋವಿನಲ್ಲೇ ಉಳಿದ ಹಂತಗಳನ್ನು ಮುಗಿಸಿ ಇಡೀ ಓಟ ಗೆದ್ದ. ದಿನದ ಹಂತ ಮುಗಿದು ಉಳಿದವರು ಕಾಲು ಚಾಚಿ ಮಲಗಿದರೆ ಇವನು ಇನ್ನಷ್ಟು ಮೈಲಿ ಸೈಕಲ್ ತುಳಿದು ಬರುತ್ತಿದ್ದನಂತೆ. ಜನ ಉಕ್ಕಿನ ಮನುಷ್ಯ ಎಂದರು. ಅವನು ತನ್ನನ್ನು ರಸ್ತೆಯ ಕೈದಿ ಎಂದು ಕರೆದುಕೊಂಡ.

ಇಂಥವನು ಆಮೇಲೆ ಏನಾದ? ಎಲ್ಲರ ಹಾಗೆ ಇಂಗ್ಲೆಂಡಿಗೆ ಹೋದ, ಕಟ್ಟಡದ ಕೆಲಸ ಮಾಡಿದ. ಮುಪ್ಪಿನಲ್ಲಿ ಊರಿಗೆ ಮರಳಿ 2015ರಲ್ಲಿ ತೀರಿಕೊಂಡ. ಎನ್‌ಸಿಎ ಸವಾರನಾದ್ದರಿಂದ ಐರ್ಲೆಂಡಿನ ಜೆರ್ಸಿ ತೊಟ್ಟು ಒಲಿಂಪಿಕ್ಸ್‌ಗೆ ಹೋಗುವ ಪ್ರಶ್ನೆಯೇ ಅವನಿಗೆ ಬರಲಿಲ್ಲ.

ಮರ್ಫಿಗಿಂತ ಎರಡು ವರ್ಷ ಹಿಂದಕ್ಕೆ ಹೋಗೋಣ. ಓಟದ ಹೆಸರಿನ ಹಿಂದೆ ಇದ್ದ ಉದ್ದೇಶ ಬೀದಿಗೆ ಬಂದದ್ದು 1956ರಲ್ಲಿ. ಎನ್‌ಸಿಎ ಪಾಲಿಗೆ ಗಡಿ ಇಲ್ಲ ಎಂದ ಮೇಲೆ ರಾಸ್ ಗಡಿಯೊಳಗೇ ಸುತ್ತಿದರೆ ಹೇಗೆ? ಓಟವನ್ನು ಉತ್ತರದ ಆರು ಕೌಂಟಿಗಳೊಳಕ್ಕೂ ಒಯ್ದರು. ಮುಂದಿನ ಕಾರಿನ ಮೇಲೆ ಐರಿಷ್ ತ್ರಿವರ್ಣ ಧ್ವಜ. ಉತ್ತರದಲ್ಲಿ 1954ರಿಂದ ಧ್ವಜಗಳ ಬಗ್ಗೆ ಒಂದು ಕಾನೂನು ಇತ್ತು. ಶಾಂತಿಭಂಗವಾದೀತು ಎನಿಸಿದರೆ ಪೊಲೀಸರು ಧ್ವಜವನ್ನು ತೆಗೆಸಬಹುದು, ಬ್ರಿಟಿಷ್ ಧ್ವಜವೊಂದನ್ನು ಬಿಟ್ಟು. ಟೈರೋನ್ ಕೌಂಟಿಯ ಕುಕ್ಸ್‌ಟೌನ್ ಪೇಟೆಯಲ್ಲಿ ಪೊಲೀಸರು ಧ್ವಜಕ್ಕೆ ಕೈ ಹಾಕಿದರು. ಓಟದವರು ಬಿಡಲಿಲ್ಲ. ಲಾಠಿ ಬೀಸಿತು. ಸವಾರರು, ಸಂಘಟಕರು, ಊರಿನ ಜನ ಎಲ್ಲರೂ ಸೇರಿ ಗಲಭೆಯಾಯಿತು. ಆ ವರ್ಷದ ರಾಸ್ ಗೆದ್ದವನು ಕೆರ್ರಿಯ ಪಾಡಿ ಫಿಟ್ಜೆರಾಲ್ಡ್. ಆದರೆ ಇಂದಿಗೂ 1956 ಎಂದರೆ ಅಲ್ಲಿಯವರು ಮೊದಲು ನೆನೆಯುವುದು ಕುಕ್ಸ್‌ಟೌನಿನ ಧ್ವಜವನ್ನು.

1956 ಎಂದರೆ ನಮಗೆ ಬೇರೆಯೇ ನೆನಪು. ಆ ವರ್ಷದ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ವರದಿ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದಿತು, ಅದು ವರದಿಯಾಗಿಯೇ ಉಳಿಯಿತು. ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ನಮ್ಮದು ಒಂದೇ ದೇಶದ ಎರಡು ರಾಜ್ಯಗಳ ನಡುವಿನ ಗೆರೆ, ನಮ್ಮ ಹುಡುಗರು ತಲಪಾಡಿ ದಾಟಿದರೆ ಯಾರೂ ಧ್ವಜ ಕೇಳುವುದಿಲ್ಲ. ಅಲ್ಲಿಯದು ರಕ್ತ ಕಂಡ ಗೆರೆ. ಜೋ ಕ್ರಿಸ್ಲ್ ಕೂಡ ಬರೀ ಸೈಕಲ್ಲಿನ ಮನುಷ್ಯನಲ್ಲ. ಸಶಸ್ತ್ರ ಸಂಘಟನೆಯಾದ ಐಆರ್‌ಎಯಲ್ಲಿದ್ದು, 1956ರಲ್ಲೇ ಅಲ್ಲಿಂದ ಹೊರದೂಡಲ್ಪಟ್ಟು, ತನ್ನದೇ ಗುಂಪು ಕಟ್ಟಿಕೊಂಡು ಗಡಿಯ ಸುಂಕದ ಕಟ್ಟೆಗಳ ಮೇಲಿನ ದಾಳಿಯಲ್ಲಿ ಪಾಲುಗೊಂಡವರು. ಸೈಕಲ್ ಓಟ ಕಟ್ಟಿದ ಕೈಯನ್ನು ಹೊಗಳುವಾಗ ಅದನ್ನು ಬಚ್ಚಿಟ್ಟರೆ ಅದು ಇತಿಹಾಸವಾಗುವುದಿಲ್ಲ.

ಎನ್‌ಸಿಎಯವರು ಹಟ ಹಿಡಿದು ತಮ್ಮ ಓಟ ತಾವು ಓಡಿಸಿದ್ದಷ್ಟೇ ಆಗಿದ್ದರೆ ಬೇರೆ ಮಾತು. 1956ರ ಡಿಸೆಂಬರಿನಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನ ರಸ್ತೆ ಓಟದ ಆರಂಭದ ಗೆರೆಯಲ್ಲಿ ಮೂವರು ಎನ್‌ಸಿಎ ಸವಾರರು ಯಾರ ಅನುಮತಿಯೂ ಇಲ್ಲದೆ ಬಂದು ನಿಂತರು. ಅವರನ್ನು ಗುರುತಿಸಿ ಹೊರಗೆ ಕಳಿಸುವ ತನಕ ಓಟ ತಡವಾಯಿತು. ಇದನ್ನು ಓದಿದಾಗ ನನಗೆ ನಗು ಬಂದದ್ದು ನಿಜ, ಸ್ವಲ್ಪ ಮೆಚ್ಚುಗೆಯೂ ಆಯಿತು. ಆದರೆ 1972ರ ಮ್ಯೂನಿಕ್? ಅಲ್ಲಿ ಇಸ್ರೇಲಿ ಕ್ರೀಡಾಪಟುಗಳ ಹತ್ಯೆ ನಡೆದು ಎರಡು ದಿನವೂ ಆಗಿರಲಿಲ್ಲ. ಸೆಪ್ಟೆಂಬರ್ 7ರಂದು ನಡೆದ ರಸ್ತೆ ಓಟಕ್ಕೆ ಎನ್‌ಸಿಎಯ ಕೆಲವರು ನಡುವೆ ನುಗ್ಗಿದರು. ಅಧಿಕೃತ ಐರಿಷ್ ತಂಡದಲ್ಲಿದ್ದ ಉತ್ತರ ಐರ್ಲೆಂಡಿನ ನೋಯಲ್ ಟ್ಯಾಗರ್ಟ್ ಎಂಬ ಸವಾರನನ್ನು ಅಡ್ಡಗಟ್ಟಿದರು. ಪೊಲೀಸರು ಅವರನ್ನು ಹಿಡಿದು ಒಯ್ದರು. ತಮ್ಮಂತೆಯೇ ವರ್ಷಗಟ್ಟಲೆ ಬೆವರು ಸುರಿಸಿ ಅಲ್ಲಿಗೆ ಬಂದ, ತಮ್ಮದೇ ದ್ವೀಪದ ಹುಡುಗನ ಓಟವನ್ನು ಕೆಡಿಸಿದ್ದು ಯಾವ ಒಗ್ಗಟ್ಟಿಗಾಗಿ? ಇದನ್ನು ನಾನು ಒಪ್ಪಲಾರೆ.

ಬೆಲೆ ತೆತ್ತವರು ಎರಡೂ ಕಡೆ ಇದ್ದರು. ಶೇ ಓ'ಹ್ಯಾನ್ಲನ್ ಎಂಬ ಡಬ್ಲಿನ್ ಸವಾರ 1962, 1965, 1966, 1967, ಹೀಗೆ ನಾಲ್ಕು ಸಲ ರಾಸ್ ಗೆದ್ದರು. ಅವರು ಗೆದ್ದ ಹಂತಗಳೇ 24. ಆ ಕಾಲದ ಐರ್ಲೆಂಡಿನಲ್ಲಿ ಅವರಿಗೆ ಸಮನಾದವರು ಕಡಿಮೆ. ಆದರೂ ಒಲಿಂಪಿಕ್ಸ್‌ನ ಪಟ್ಟಿಗಳಲ್ಲಿ ಹುಡುಕಿದರೆ ಅವರ ಹೆಸರಿಲ್ಲ. ಇನ್ನೊಂದು ಕಡೆಯ ಸಂಘದ ಒಳ್ಳೊಳ್ಳೆಯ ಸವಾರರಿಗೆ ರಾಸ್ ಇರಲಿಲ್ಲ. ಊರ ಬೀದಿಯಲ್ಲಿ ಹಾದುಹೋಗುವ ದೊಡ್ಡ ಓಟವನ್ನು ಅವರು ಫುಟ್‌ಪಾತಿನಲ್ಲಿ ನಿಂತು ನೋಡಬೇಕಿತ್ತು. 1963ರಲ್ಲಿ ಪೋಲೆಂಡಿನಿಂದ ತಂಡ ಬಂತು, ಗೆದ್ದವನೂ ಪೋಲೆಂಡಿನವನೇ. ಅಂದರೆ ವಾರ್ಸಾದಿಂದ ಬಂದವನು ರಾಸ್ ಓಡಬಹುದು, ಪಕ್ಕದ ಬೀದಿಯವನು ಓಡುವಂತಿಲ್ಲ!

ಬರಬರುತ್ತ ಸವಾರರಿಗೇ ಸಾಕಾಗಿತ್ತು. 1970ರ ದಶಕದ ಕೊನೆಯಲ್ಲಿ ಮೂರೂ ಸಂಘಗಳು ಮಾತಿಗೆ ಕೂತವು, ಒಂದು ಜಂಟಿ ಸಮಿತಿ ಆಯಿತು. 1979ರ ರಾಸ್‌ನಲ್ಲಿ ಇನ್ನೊಂದು ಸಂಘದ ಹುಡುಗರೂ ಓಡಿದರು. ಅವರಲ್ಲಿ ಒಬ್ಬ ಡಬ್ಲಿನ್ನಿನ ಯುವಕ, ಸ್ಟೀಫನ್ ರೋಷ್. ಅವನೇ ಗೆದ್ದ. ಎಂಟು ವರ್ಷದ ನಂತರ, 1987ರಲ್ಲಿ, ಇದೇ ರೋಷ್ ಇಟಲಿಯ ಜಿರೋ, ಫ್ರಾನ್ಸಿನ ಟೂರ್ ದ ಫ್ರಾನ್ಸ್, ವಿಶ್ವ ಚಾಂಪಿಯನ್‌ಷಿಪ್ ಮೂರನ್ನೂ ಒಂದೇ ವರ್ಷದಲ್ಲಿ ಗೆದ್ದು ಇತಿಹಾಸ ಬರೆದ. ಬೀಗ ತೆಗೆದ ಮೊದಲ ವರ್ಷವೇ ಬಾಗಿಲಿನಿಂದ ಒಳಗೆ ಬಂದವನು ಎಂಥವನು ನೋಡಿ. ಅದಕ್ಕೂ ಹಿಂದಿನ ಮೂವತ್ತು ವರ್ಷ ಆ ಬಾಗಿಲಿನ ಎರಡೂ ಕಡೆ ಎಷ್ಟು ಮಂದಿ ನಿಂತೇ ಉಳಿದಿರಬಹುದು ಎಂದು ನನಗೆ ಆಗಾಗ ಅನಿಸುತ್ತದೆ.

1980ರ ದಶಕದ ಕೊನೆಗೆ ಸಂಘಗಳು ಒಂದಾದವು. ಈಗ ಸೈಕ್ಲಿಂಗ್ ಐರ್ಲೆಂಡ್ ಎಂಬ ಸಂಸ್ಥೆ ಗಡಿಯ ಎರಡೂ ಕಡೆಗೆ ಒಂದೇ. ಯಾವ ಮಾತಿಗಾಗಿ ಎನ್‌ಸಿಎಯನ್ನು ಹೊರಗಿಟ್ಟಿದ್ದರೋ ಅದನ್ನೇ ಅಂತಾರಾಷ್ಟ್ರೀಯ ಒಕ್ಕೂಟ ಕೊನೆಗೆ ಒಪ್ಪಿತು. ಗೆರೆ ನಕಾಶೆಯಲ್ಲಿ ಇದ್ದ ಹಾಗೆಯೇ ಇದೆ.

ರಾಸ್ ಆಮೇಲೆ ವಿಮಾ ಕಂಪನಿ, ಅಂಚೆ ಇಲಾಖೆ ಮುಂತಾದ ಪ್ರಾಯೋಜಕರ ಹೆಸರು ಹೊತ್ತು ಓಡಿತು. ವಿದೇಶಗಳ ವೃತ್ತಿಪರ ತಂಡಗಳೂ ಬಂದವು, ಅವುಗಳ ನಡುವೆ ಕೌಂಟಿ ತಂಡದ ಹುಡುಗರು ಏದುಸಿರು ಬಿಡುತ್ತ ಓಡಿದರು. ಪ್ರಾಯೋಜಕರು ಸಿಗದೆ 2019ರಲ್ಲಿ ಓಟ ನಡೆಯಲಿಲ್ಲ, ನಂತರ ಕೊರೊನಾ ಬಂತು. 2022ರಲ್ಲಿ ಐದು ದಿನಗಳ ಓಟವಾಗಿ ಮತ್ತೆ ಶುರು ಮಾಡಿದರು. ಆ ವರ್ಷ ಗೆದ್ದದ್ದು ಐರ್ಲೆಂಡಿನವನೇ ಆದ ಡೈರ್ ಫೀಲಿ.

ಗಂಟೆ ಹೊಡೆಯಿತು. ಹುಡುಗರು ಎದ್ದರು. ನೋಟ್ ಪುಸ್ತಕದ ಹುಡುಗ ಮಾತ್ರ ಬಾಗಿಲ ಬಳಿ ತಿರುಗಿ ನಿಂತ.

"ಮಾಸ್ಟ್ರೇ, ಕ್ರಿಸ್ಮಸ್ ರಜೆಯಲ್ಲಿ ಮೂರು ದಿನ ಮಾಡುವ ಅಂತ ಇದ್ದೇವೆ. ತಲಪಾಡಿಯಲ್ಲೇ ನಿಲ್ಲಬೇಕಾ, ಉಳ್ಳಾಲದವರೆಗೆ ಹೋಗಬಹುದಾ?"

ಮನೆಯವರ ಸಹಿ ಇರುವ ಚೀಟಿ, ತಲೆಗೆ ಹೆಲ್ಮೆಟ್, ಎರಡೂ ತಂದರೆ ಸಮಯ ಬರೆದುಕೊಳ್ಳಲು ನಾನೇ ಬರುತ್ತೇನೆ ಎಂದಿದ್ದೇನೆ. ಮೂರು ಚೀಟಿಗಳಲ್ಲಿ ಒಂದು ಬಂದಿದೆ.